ಶ್ರೇಷ್ಠ ಆಟಗಾರ ಯಾರು? – ಬ್ಯಾಸ್ಕೆಟ್‌ಬಾಲ್ ಲೋಕದ ಒಂದು ಗೌರವದ ಇತಿಹಾಸ

ನಮ್ಮ ಪ್ರೌಢಶಾಲೆ ಐವತ್ತು ವರ್ಷ ಪೂರೈಸಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ತರಗತಿಯ ಕೋಣೆಯಲ್ಲ, ಶಾಲೆಯ ಮೈದಾನ. ಆ ಮೈದಾನದಲ್ಲಿ ನಾವು ಖೋ ಖೋ ಆಡಿದೆವು, ಕಬಡ್ಡಿ ಆಡಿದೆವು, ಮಂಡಿ ಕೆತ್ತಿಸಿಕೊಂಡೆವು. ಬ್ಯಾಸ್ಕೆಟ್‌ಬಾಲ್ ಮಾತ್ರ ಆಡಲಿಲ್ಲ. ನಮ್ಮ ಕಾಲದಲ್ಲಿ ಅದಕ್ಕೆ ಬೇಕಾದ ಅಂಕಣವೂ ಇರಲಿಲ್ಲ, ಚೆಂಡೂ ಇರಲಿಲ್ಲ. ಹಾಗಿದ್ದೂ ಈ ಲೇಖನ ಬ್ಯಾಸ್ಕೆಟ್‌ಬಾಲ್ ಕುರಿತಾದದ್ದು. ಯಾಕೆ ಎಂದು ಮೊದಲು ಹೇಳಿಬಿಡುತ್ತೇನೆ.

ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಆಗ ಕಾಗವಾಡ ಇನ್ನೂ ಅಥಣಿ ತಾಲ್ಲೂಕಿಗೆ ಸೇರಿತ್ತು. ವಲಯ ಮಟ್ಟದ ಖೋ ಖೋ ಪಂದ್ಯದ ಫೈನಲ್‌ನಲ್ಲಿ ನಮ್ಮ ಶಾಲೆಯ ಹುಡುಗಿಯರ ತಂಡ ಒಂದೇ ಒಂದು ಅಂಕದಿಂದ ಸೋತಿತು. ಕೊನೆಯ ಸರದಿಯಲ್ಲಿ ನಮ್ಮ ತರಗತಿಯ ಹುಡುಗಿಯೊಬ್ಬಳು ಒಬ್ಬಳೇ ಉಳಿದು, ಕಂಬದಿಂದ ಕಂಬಕ್ಕೆ ಓಡುತ್ತ, ಎದುರಾಳಿ ತಂಡದ ಅಷ್ಟೂ ಜನರನ್ನು ದಣಿಸಿಬಿಟ್ಟಿದ್ದಳು. ಆದರೂ ಸೋತೆವು. ಮರುದಿನ ಪ್ರಾರ್ಥನೆಯ ಹೊತ್ತಿಗೆ ನಮ್ಮ ಪಿ.ಟಿ. ಮಾಸ್ತರರು ತಮ್ಮ ಕೈಯಿಂದ ದುಡ್ಡು ಹಾಕಿ ತಂದಿದ್ದ ಒಂದು ಸ್ಟೀಲ್ ಡಬ್ಬಿಯನ್ನು ಆಕೆಯ ಕೈಗೆ ಕೊಟ್ಟರು. ನಮ್ಮಲ್ಲಿ ಒಬ್ಬ ತಡೆಯಲಾರದೆ ಕೇಳಿಯೇಬಿಟ್ಟ: "ಸರ, ನಾವು ಸೋತೀವಲ್ರಿ, ಮತ್ತ ಈಕಿಗ್ಯಾಕ ಬಹುಮಾನ್ರಿ?"

ಮಾಸ್ತರರು ಸಿಟ್ಟು ಮಾಡಲಿಲ್ಲ. "ಗೆದ್ದದ್ದು ಆ ತಂಡ, ಖರೆ. ಆದ್ರ ನಿನ್ನೆ ಇಡೀ ಮೈದಾನದಾಗ ಈಕಿಗಿಂತ ಛಲೋ ಯಾರರೆ ಆಡಿದ್ರೇನು? ನೀನ ಹೇಳು ನೋಡೂಣು" ಅಂದರು. ಅವನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಯಾರ ಹತ್ತಿರವೂ ಇರಲಿಲ್ಲ.

ಗೆದ್ದವರು ಬೇರೆ, ಶ್ರೇಷ್ಠರು ಬೇರೆ ಇರಬಹುದೇ? ಇದ್ದರೆ ಶ್ರೇಷ್ಠರನ್ನು ಗುರುತಿಸುವುದು ಹೇಗೆ, ಗೌರವಿಸುವುದು ಹೇಗೆ? ಮುಂದೆ ನಾನೂ ಶಿಕ್ಷಕನಾಗಿ, ಶಾಲಾ ಕ್ರೀಡಾಕೂಟಗಳಲ್ಲಿ ನಿರ್ಣಾಯಕನಾಗಿ ಕೂತಾಗ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು. ಉತ್ತರ ಹುಡುಕುತ್ತ ಹೋದಾಗ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಇತಿಹಾಸದಲ್ಲಿ ಅದಕ್ಕೆ ಎಪ್ಪತ್ತು ವರ್ಷಗಳಿಗೂ ಮಿಕ್ಕಿದ ದಾಖಲೆ ಇರುವುದು ಕಂಡಿತು. ಅದರಲ್ಲಿ ಒಂದು ಪುಟ ನಮ್ಮ ಬೆಂಗಳೂರಿನಲ್ಲಿಯೇ ಬರೆಯಲ್ಪಟ್ಟಿದೆ.

ಹಣ್ಣಿನ ಬುಟ್ಟಿಯಿಂದ ಹುಟ್ಟಿದ ಆಟ

ಬ್ಯಾಸ್ಕೆಟ್‌ಬಾಲ್ ಹುಟ್ಟಿದ ದಿನ, ಸ್ಥಳ, ಹುಟ್ಟಿಸಿದವರ ಹೆಸರು ಎಲ್ಲವೂ ನಮಗೆ ಗೊತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ತರಬೇತಿ ಶಾಲೆಯೊಂದಿತ್ತು. ಅಲ್ಲಿ ಕೆನಡಾ ಮೂಲದ ಜೇಮ್ಸ್ ನೈಸ್ಮಿತ್ ಎಂಬವರು ದೈಹಿಕ ಶಿಕ್ಷಕರಾಗಿದ್ದರು. ಚಳಿಗಾಲದಲ್ಲಿ ಹೊರಗೆಲ್ಲ ಹಿಮ, ಒಳಗೆ ಬೇಸತ್ತ ಹುಡುಗರು. ಅವರಿಗಾಗಿ ಒಳಾಂಗಣದಲ್ಲಿ ಆಡುವಂಥ ಹೊಸ ಆಟವೊಂದು ಬೇಕಾಗಿತ್ತು. 1891ರ ಡಿಸೆಂಬರ್‌ನಲ್ಲಿ ನೈಸ್ಮಿತ್ ಅವರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ವ್ಯಾಯಾಮ ಶಾಲೆಯ ಮೇಲಿನ ಕಟಾಂಜನಕ್ಕೆ ಹತ್ತು ಅಡಿ ಎತ್ತರದಲ್ಲಿ ಹೊಡೆಸಿ, 13 ನಿಯಮಗಳನ್ನು ಬರೆದು, ಹದಿನೆಂಟು ವಿದ್ಯಾರ್ಥಿಗಳನ್ನು ಒಂಬತ್ತು ಒಂಬತ್ತು ಜನರ ಎರಡು ತಂಡ ಮಾಡಿ ಆಡಿಸಿದರು. ಚೆಂಡು ಬುಟ್ಟಿಯಲ್ಲಿ ಬಿದ್ದರೆ ಏಣಿ ಹತ್ತಿ ತೆಗೆಯಬೇಕಾಗಿತ್ತು. ಮೊದಲ ಆಟ ಒಂದಕ್ಕೆ ಸೊನ್ನೆಯಲ್ಲಿ ಮುಗಿಯಿತು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದರೂ ಆ ಹತ್ತು ಅಡಿ ಎತ್ತರ ಇವತ್ತಿಗೂ ಹಾಗೆಯೇ ಉಳಿದಿದೆ.

ಹೆಣ್ಣುಮಕ್ಕಳು ಈ ಆಟಕ್ಕೆ ತಡವಾಗಿ ಬಂದವರಲ್ಲ ಎಂಬುದನ್ನು ನಾವು ಗಮನಿಸಬೇಕು. ಆಟ ಹುಟ್ಟಿದ ಮರುವರ್ಷವೇ ಸೆಂಡಾ ಬೆರೆನ್‌ಸನ್ ಎಂಬ ಶಿಕ್ಷಕಿ ಅದೇ ರಾಜ್ಯದ ಸ್ಮಿತ್ ಕಾಲೇಜಿನಲ್ಲಿ ತಮ್ಮ ವಿದ್ಯಾರ್ಥಿನಿಯರಿಗೆ ಇದನ್ನು ಕಲಿಸಿದರು.

ವೈ.ಎಂ.ಸಿ.ಎ. ಮೂಲಕವೇ ಈ ಆಟ ದೇಶ ದೇಶಗಳಿಗೆ ಹಬ್ಬಿತು. ನಮ್ಮ ದಕ್ಷಿಣ ಭಾರತದಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ಅಲ್ಲಿ ತರಬೇತಿ ಪಡೆದ ಆಟದ ಮಾಸ್ತರರು ಊರೂರಿನ ಶಾಲೆಗಳಿಗೆ ಹೋಗಿ ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಕಲಿಸಿದರು. 1934ರಲ್ಲಿ ದೆಹಲಿಯಲ್ಲಿ ಪುರುಷರ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯಿತು. 1950ರಲ್ಲಿ ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಸ್ಥಾಪನೆಯಾಯಿತು.

ಜಾಗತಿಕ ಮಟ್ಟದಲ್ಲಿ 1932ರಲ್ಲಿ ಜಿನೀವಾದಲ್ಲಿ ಎಂಟು ರಾಷ್ಟ್ರಗಳು ಸೇರಿ 'ಫಿಬಾ' ಎಂಬ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದವು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಬಾರಿಗೆ ಪದಕದ ಪಟ್ಟಿಗೆ ಸೇರಿತು. ಬಯಲಿನ ಅಂಕಣದಲ್ಲಿ, ಮಳೆಯ ಕೆಸರಿನಲ್ಲಿ ನಡೆದ ಫೈನಲ್‌ನಲ್ಲಿ ಅಮೆರಿಕವು ಕೆನಡಾವನ್ನು 19–8ರಿಂದ ಸೋಲಿಸಿತು. ಆಟದ ಜನಕ ನೈಸ್ಮಿತ್ ಆ ಕೂಟಕ್ಕೆ ಬಂದಿದ್ದರು.

ಮೊದಲ ಶ್ರೇಷ್ಠ ಆಟಗಾರನಿಗೆ ಬಂದ ಗತಿ

ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1950ರಲ್ಲಿ, ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ. ಹತ್ತು ತಂಡಗಳು ಆಡಿದವು. ನವೆಂಬರ್ 3ರ ರಾತ್ರಿ ಆತಿಥೇಯ ಅರ್ಜೆಂಟೀನಾ ತಂಡ ಅಮೆರಿಕವನ್ನು 64–50ರಿಂದ ಸೋಲಿಸಿ ಮೊದಲ ವಿಶ್ವ ಚಾಂಪಿಯನ್ ಆಯಿತು. ಸಂಭ್ರಮ ಎಷ್ಟಿತ್ತೆಂದರೆ ಜನ ವೃತ್ತಪತ್ರಿಕೆಗಳನ್ನು ಸುರುಳಿ ಸುತ್ತಿ, ದೀವಟಿಗೆಯಂತೆ ಹೊತ್ತಿಸಿಕೊಂಡು ಬೀದಿ ತುಂಬ ನಡೆದರು. ಆ ರಾತ್ರಿಗೆ ಅಲ್ಲಿಯವರು 'ದೀವಟಿಗೆಗಳ ರಾತ್ರಿ' ಎಂದೇ ಹೆಸರಿಟ್ಟರು.

ಆ ಕೂಟದ ಶ್ರೇಷ್ಠ ಆಟಗಾರ ಆಸ್ಕರ್ ಫರ್ಲಾಂಗ್. ವಿಶ್ವ ಚಾಂಪಿಯನ್‌ಶಿಪ್ ದಾಖಲೆಗಳಲ್ಲಿ ಈ ಗೌರವದ ಪಟ್ಟಿ ಶುರುವಾಗುವುದೇ ಅವರ ಹೆಸರಿನಿಂದ. ಇಂಗ್ಲಿಷಿನಲ್ಲಿ ಇದಕ್ಕೆ 'ಮೋಸ್ಟ್ ವ್ಯಾಲ್ಯುಯೇಬಲ್ ಪ್ಲೇಯರ್', ಚಿಕ್ಕದಾಗಿ 'ಎಂವಿಪಿ' ಎನ್ನುತ್ತಾರೆ. ಕ್ರಿಕೆಟ್ ನೋಡುವ ನಮ್ಮೂರಿನವರಿಗೆ 'ಸರಣಿ ಶ್ರೇಷ್ಠ' ಎಂದರೆ ತಕ್ಷಣ ಅರ್ಥವಾಗುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1955ರಲ್ಲಿ ಅರ್ಜೆಂಟೀನಾದಲ್ಲಿ ಪೆರೋನ್ ಸರ್ಕಾರವನ್ನು ಸೈನ್ಯ ಉರುಳಿಸಿತು. ಹಳೆಯ ಸರ್ಕಾರ ಮೆಚ್ಚಿದವರೆಲ್ಲ ಹೊಸ ಸರ್ಕಾರದ ಕಣ್ಣಿಗೆ ತಪ್ಪಿತಸ್ಥರಾದರು. ವಿಶ್ವಕಪ್ ಗೆದ್ದ ಆಟಗಾರರು ಹವ್ಯಾಸಿಗಳಲ್ಲ, ಲಾಭ ಪಡೆದು ಆಡಿದವರು ಎಂಬ ಆರೋಪ ಹೊರಿಸಿ ಅವರ ಮೇಲೆ ನಿಷೇಧ ಹೇರಲಾಯಿತು. ನಾಡಿಗೆ ವಿಶ್ವ ಕಿರೀಟ ತಂದ ತಂಡ ಹೀಗೆ ಅಂಕಣದಿಂದ ಹೊರಬಿತ್ತು. ಫರ್ಲಾಂಗ್ ಅವರೂ ಹೊರಬಿದ್ದರು. ಆತ ಸುಮ್ಮನೆ ಕೂಡಲಿಲ್ಲ. ಟೆನಿಸ್ ರ‍್ಯಾಕೆಟ್ ಹಿಡಿದರು, ಮುಂದೆ ಅರ್ಜೆಂಟೀನಾದ ಡೇವಿಸ್ ಕಪ್ ಟೆನಿಸ್ ತಂಡದ ನಾಯಕರಾದರು. 2007ರಲ್ಲಿ ಫಿಬಾ ತನ್ನ ಗೌರವ ಮಂದಿರಕ್ಕೆ ಅವರ ಹೆಸರನ್ನು ಸೇರಿಸಿತು. ಮೊದಲ ಗೌರವಕ್ಕೂ ಈ ಗೌರವಕ್ಕೂ ನಡುವೆ ಐವತ್ತೇಳು ವರ್ಷ ಕಳೆದಿತ್ತು.

ಇದರಿಂದ ನಾನು ಕಲಿತದ್ದು ಒಂದು ಮಾತು. ಆಟಗಾರನನ್ನು ಸರ್ಕಾರ ನಿಷೇಧಿಸಬಹುದು, ಅಂಕಣದ ಬಾಗಿಲು ಮುಚ್ಚಬಹುದು. ಆದರೆ '1950ರ ಶ್ರೇಷ್ಠ ಆಟಗಾರ ಫರ್ಲಾಂಗ್' ಎಂದು ಬರೆದಿಟ್ಟ ಸಾಲನ್ನು ಯಾರೂ ಅಳಿಸಲಾಗಲಿಲ್ಲ. ಗೌರವ ಅಂದರೆ ಕಪ್ಪು, ಹಾರ, ಶಾಲು ಮಾತ್ರವಲ್ಲ. ಬರೆದಿಡುವುದೂ ಗೌರವವೇ.

ಹತ್ತೊಂಬತ್ತರಲ್ಲಿ ಆರು

1950ರಿಂದ 2023ರವರೆಗೆ ಪುರುಷರ ವಿಶ್ವ ಚಾಂಪಿಯನ್‌ಶಿಪ್ 19 ಬಾರಿ ನಡೆದಿದೆ. ಈಗ ಇದನ್ನು ವಿಶ್ವಕಪ್ ಎನ್ನುತ್ತಾರೆ. ಈ 19ರಲ್ಲಿ 6 ಬಾರಿ ಶ್ರೇಷ್ಠ ಆಟಗಾರನ ಗೌರವ ಕಪ್ ಗೆಲ್ಲದ ತಂಡದವನಿಗೆ ಹೋಗಿದೆ. ಅಂದರೆ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಬಾರಿ!

ಅದರಲ್ಲೂ 1967, 1970, 1974, ಹೀಗೆ ಸತತ ಮೂರು ಕೂಟಗಳಲ್ಲಿ ಹಾಗಾಯಿತು. 1967ರಲ್ಲಿ ಕಪ್ ಗೆದ್ದದ್ದು ಸೋವಿಯತ್ ಒಕ್ಕೂಟ, ಶ್ರೇಷ್ಠ ಆಟಗಾರ ಎರಡನೆಯ ಸ್ಥಾನ ಪಡೆದ ಯುಗೊಸ್ಲಾವಿಯದ ಇವೊ ದನೆವು. 1970ರಲ್ಲಿ ಕಪ್ ಗೆದ್ದದ್ದು ಯುಗೊಸ್ಲಾವಿಯ, ಶ್ರೇಷ್ಠ ಆಟಗಾರ ಮೂರನೆಯ ಸ್ಥಾನ ಪಡೆದ ಸೋವಿಯತ್ ಒಕ್ಕೂಟದ ಸರ್ಗೇಯ್ ಬೆಲೊವ್. 1974ರಲ್ಲಿ ಮತ್ತೆ ಕಪ್ ಸೋವಿಯತ್ತಿಗೆ, ಗೌರವ ಯುಗೊಸ್ಲಾವಿಯದ ದ್ರಾಗಾನ್ ಕಿಚಾನೊವಿಚ್ ಅವರಿಗೆ. ಎರಡು ದೇಶಗಳು ಅಂಕಣದಲ್ಲಿ ಹಾವು ಮುಂಗುಸಿಯಂತೆ ಕಾದಾಡುತ್ತಿದ್ದ ಕಾಲ ಅದು. ಆದರೂ ಎದುರಾಳಿಯಲ್ಲಿ ಒಬ್ಬ ಶ್ರೇಷ್ಠನಿದ್ದಾನೆ ಎಂದು ಒಪ್ಪಿಕೊಳ್ಳುವುದು ನಿಲ್ಲಲಿಲ್ಲ.

ಈ ಬೆಲೊವ್ ಅವರ ಹೆಸರು ಭಾರತದ ಬ್ಯಾಸ್ಕೆಟ್‌ಬಾಲ್ ಇತಿಹಾಸಕ್ಕೂ ತಗಲುತ್ತದೆ. ನಮ್ಮ ದೇಶ ಒಲಿಂಪಿಕ್ಸ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆಡಿದ್ದು ಒಂದೇ ಒಂದು ಬಾರಿ, 1980ರ ಮಾಸ್ಕೋದಲ್ಲಿ. ಆ ಒಲಿಂಪಿಕ್ಸ್‌ನ ಜ್ಯೋತಿ ಬೆಳಗಿದವರು ಇದೇ ಬೆಲೊವ್. ಅವರಿದ್ದ ಸೋವಿಯತ್ ತಂಡದ ಗುಂಪಿನಲ್ಲಿಯೇ ಭಾರತವೂ ಇತ್ತು. ಭಾರತ ಒಂದೂ ಪಂದ್ಯ ಗೆಲ್ಲದೆ 12 ತಂಡಗಳಲ್ಲಿ ಕೊನೆಯದಾಯಿತು. ಆ ತಂಡದ ಆಟಗಾರ ಅಜ್ಮೇರ್ ಸಿಂಗ್ ಅವರಿಗೆ 1982ನೇ ಸಾಲಿನ ಅರ್ಜುನ ಪ್ರಶಸ್ತಿ ಬಂತು. ಕೊನೆಯ ಸ್ಥಾನದ ತಂಡದಲ್ಲಿಯೂ ಗೌರವಕ್ಕೆ ಅರ್ಹರು ಇರುತ್ತಾರೆ.

ಇನ್ನೂ ಆಶ್ಚರ್ಯದ ಉದಾಹರಣೆ 1982ರದು. ಕೊಲಂಬಿಯಾದಲ್ಲಿ ನಡೆದ ಆ ಕೂಟದ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟವು ಅಮೆರಿಕವನ್ನು 95–94ರಿಂದ, ಬರೀ ಒಂದು ಅಂಕದಿಂದ ಸೋಲಿಸಿತು. ಆದರೆ ಶ್ರೇಷ್ಠ ಆಟಗಾರನಾದದ್ದು ಈ ಎರಡೂ ತಂಡದವರಲ್ಲ. ಒಂಬತ್ತನೆಯ ಸ್ಥಾನ ಪಡೆದ ಪನಾಮಾ ಎಂಬ ಪುಟ್ಟ ದೇಶದ ರೊಲ್ಯಾಂಡೊ ಫ್ರೇಜರ್. 1986ರಲ್ಲಿ ಮೂರನೆಯ ಸ್ಥಾನದ ಯುಗೊಸ್ಲಾವಿಯದ ದ್ರಾಜೆನ್ ಪೆಟ್ರೊವಿಚ್, 2002ರಲ್ಲಿ ಮೂರನೆಯ ಸ್ಥಾನದ ಜರ್ಮನಿಯ ಡಿರ್ಕ್ ನೊವಿಟ್ಸ್‌ಕಿ ಇದೇ ಸಾಲಿಗೆ ಸೇರಿದವರು.

2006ರ ಉದಾಹರಣೆ ಬೇರೆ ಬಗೆಯದು. ಜಪಾನಿನಲ್ಲಿ ನಡೆದ ಆ ಕೂಟದ ಸೆಮಿಫೈನಲ್‌ನಲ್ಲಿ ಸ್ಪೇನಿನ ಪಾವ್ ಗಸೋಲ್ ಅವರ ಪಾದದ ಮೂಳೆ ಮುರಿಯಿತು. ಫೈನಲ್ ಆಡಲಾಗಲಿಲ್ಲ. ಅವರ ಸಂಗಡಿಗರು 'ಪಾವ್ ಕೂಡ ಆಡುತ್ತಿದ್ದಾನೆ' ಎಂದು ಬರೆದ ಅಂಗಿ ತೊಟ್ಟುಕೊಂಡು ಬಂದರು. ಅಂಕಣಕ್ಕೆ ಇಳಿದು ಗ್ರೀಸ್ ತಂಡವನ್ನು 70–47ರಿಂದ ಸೋಲಿಸಿದರು. ಫೈನಲ್‌ನಲ್ಲಿ ಒಂದು ನಿಮಿಷವೂ ಆಡದ ಗಸೋಲ್ ಅವರೇ ಕೂಟದ ಶ್ರೇಷ್ಠ ಆಟಗಾರ ಎನಿಸಿದರು. ಫೈನಲ್‌ವರೆಗೆ ತಂಡವನ್ನು ಎಳೆದು ತಂದವರು ಯಾರೆಂಬುದನ್ನು ಯಾರೂ ಮರೆತಿರಲಿಲ್ಲ.

ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್ 1953ರಲ್ಲಿ ಚಿಲಿ ದೇಶದಲ್ಲಿ ಆರಂಭವಾಯಿತು. ಒಲಿಂಪಿಕ್ಸ್‌ಗೆ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಸೇರಲು ಮಾತ್ರ 1976ರವರೆಗೆ ಕಾಯಬೇಕಾಯಿತು. ಪುರುಷರಿಗಿಂತ ನಲವತ್ತು ವರ್ಷ ತಡ. ಮಹಿಳೆಯರ ವಿಶ್ವ ಕೂಟದಲ್ಲೂ ಇಂಥ ಉದಾಹರಣೆ ಇದೆ. 2010ರಲ್ಲಿ ಜೆಕ್ ಗಣರಾಜ್ಯದಲ್ಲಿ ನಡೆದ ಕೂಟದಲ್ಲಿ ಕಪ್ ಅಮೆರಿಕ ಗೆದ್ದಿತು. ಶ್ರೇಷ್ಠ ಆಟಗಾರ್ತಿಯಾದವರು ಎರಡನೆಯ ಸ್ಥಾನ ಪಡೆದ ಜೆಕ್ ತಂಡದ ಹಾನಾ ಹೊರಾಕೊವಾ.

ನಮ್ಮ ಕ್ರಿಕೆಟ್ ಪ್ರಿಯರಿಗೆ ಇದು ಹೊಸದಲ್ಲ. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ಭಾರತ ವಿಶ್ವಕಪ್ ಫೈನಲ್ ಸೋತ ರಾತ್ರಿ ನಮ್ಮ ಓಣಿಗಳೆಲ್ಲ ಮೌನವಾಗಿದ್ದವು. ಅದೇ ರಾತ್ರಿ 765 ರನ್ ಗಳಿಸಿದ ವಿರಾಟ್ ಕೊಹ್ಲಿ ಅವರಿಗೆ ಸರಣಿ ಶ್ರೇಷ್ಠ ಗೌರವ ಬಂತು. ಅದನ್ನು ಸ್ವೀಕರಿಸುವಾಗ ಅವರ ಮುಖದಲ್ಲಿ ನಗೆ ಇರಲಿಲ್ಲ. ಆದರೆ ಅದು ಅವರಿಗೆ ಸಲ್ಲಬಾರದಿತ್ತು ಎಂದು ಯಾರಾದರೂ ಅಂದರೇನು?

ಅಳೆಯುವುದು ಹೇಗೆ?

ಶ್ರೇಷ್ಠರನ್ನು ಆರಿಸುವುದು ಬರೀ ಕಣ್ಣಂದಾಜಿನ ಕೆಲಸವಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಪ್ರತಿ ಆಟಗಾರ ಏನೇನು ಮಾಡಿದ ಎಂಬುದನ್ನು ಅಂಕಣದ ಬದಿಗೆ ಕುಳಿತವರು ಬರೆದುಕೊಳ್ಳುತ್ತಾರೆ. ಗಳಿಸಿದ ಅಂಕಗಳು, ಬಳೆಗೆ ಬಡಿದು ಮರಳಿದ ಚೆಂಡನ್ನು ಹಿಡಿದದ್ದು, ಅಂದರೆ ರಿಬೌಂಡ್, ಸಂಗಡಿಗನಿಗೆ ಚೆಂಡು ಕೊಟ್ಟು ಅಂಕ ಮಾಡಿಸಿದ್ದು, ಅಂದರೆ ಅಸಿಸ್ಟ್, ಎದುರಾಳಿಯಿಂದ ಚೆಂಡು ಕಸಿದದ್ದು, ಹೊಡೆತವನ್ನು ತಡೆದದ್ದು, ಇವೆಲ್ಲ ಕೂಡಿಸುವ ಲೆಕ್ಕ. ತಪ್ಪಿದ ಹೊಡೆತಗಳು, ಕೈಯಿಂದ ಕಳೆದುಕೊಂಡ ಚೆಂಡುಗಳು ಕಳೆಯುವ ಲೆಕ್ಕ.

ಒಂದು ಉದಾಹರಣೆ ನೋಡಿ. ಒಬ್ಬ ಹುಡುಗಿ 20 ಅಂಕ ಗಳಿಸಿ, 10 ರಿಬೌಂಡ್ ಹಿಡಿದು, 5 ಸಲ ಸಂಗಡಿಗರಿಂದ ಅಂಕ ಮಾಡಿಸಿ, 2 ಸಲ ಚೆಂಡು ಕಸಿದಳು ಎನ್ನಿ. ಕೂಡಿಸಿದರೆ 37. ಅವಳ 8 ಹೊಡೆತ ತಪ್ಪಿದವು, 3 ಸಲ ಚೆಂಡು ಕಳೆದುಕೊಂಡಳು. 37ರಿಂದ 11 ಕಳೆದರೆ 26. ಇನ್ನೊಬ್ಬಳು 30 ಅಂಕ ಗಳಿಸಿದರೂ 15 ಹೊಡೆತ ತಪ್ಪಿಸಿ, ಬೇರೇನೂ ಮಾಡದಿದ್ದರೆ ಅವಳ ಲೆಕ್ಕ 15. ಅಂಕ ಹೆಚ್ಚು ಮಾಡಿದವಳೇ ಶ್ರೇಷ್ಠಳು ಎನ್ನುವಂತಿಲ್ಲ. ಸಂಗಡಿಗರಿಂದ ಮಾಡಿಸಿದ್ದಕ್ಕೂ ಇಲ್ಲಿ ಬೆಲೆಯಿದೆ.

ಲೆಕ್ಕದಲ್ಲಿ ಬರದ ಸಂಗತಿಗಳೂ ಇರುತ್ತವೆ. ಎದುರಾಳಿಯ ಮುಖ್ಯ ಆಟಗಾರನಿಗೆ ಆಡಲು ಜಾಗವೇ ಕೊಡದಂತೆ ಕಾವಲು ನಿಂತವನ ಹೆಸರಿನ ಮುಂದೆ ಕಾಗದದಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಲೆಕ್ಕವೂ ಬೇಕು, ಆಟ ಬಲ್ಲವರ ಕಣ್ಣೂ ಬೇಕು. ಈಗ ದೊಡ್ಡ ಕೂಟಗಳಲ್ಲಿ ಶ್ರೇಷ್ಠ ಆಟಗಾರನ ಜೊತೆಗೆ ಐವರು ಉತ್ತಮರ 'ಆಲ್‌ಸ್ಟಾರ್ ಫೈವ್' ಪಟ್ಟಿಯನ್ನೂ ಪ್ರಕಟಿಸುತ್ತಾರೆ. ಗೌರವ ಒಬ್ಬರಿಗೇ ಸೀಮಿತವಾಗಬಾರದು ಎಂಬ ತಿಳಿವಳಿಕೆ ಅದರಲ್ಲಿದೆ.

ಬೆಂಗಳೂರಿನಲ್ಲಿ ಬರೆದ ಪುಟ

ಇನ್ನು ನಮ್ಮ ನಾಡಿಗೆ ಬರೋಣ. 2017ರ ಜುಲೈ 23ರಿಂದ 29ರವರೆಗೆ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ಬೆಂಗಳೂರಿನಲ್ಲಿ ನಡೆಯಿತು. ಪಂದ್ಯಗಳಿಗೆ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣ ವೇದಿಕೆಯಾಯಿತು. ಮೇಲಿನ ಎ ವಿಭಾಗದಲ್ಲಿ ಜಪಾನ್, ಚೀನಾ, ಕೊರಿಯಾ ಮುಂತಾದ ಬಲಾಢ್ಯ ತಂಡಗಳಿದ್ದವು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೊದಲ ಬಾರಿಗೆ ಏಷ್ಯಾದ ಕೂಟಕ್ಕೆ ಸೇರಿದ್ದವು. ಭಾರತ ಕೆಳಗಿನ ಬಿ ವಿಭಾಗದಲ್ಲಿತ್ತು.

ಬಿ ವಿಭಾಗದ ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಕಜಕಸ್ತಾನವನ್ನು 75–73ರಿಂದ ಸೋಲಿಸಿದರು. ಆ ಗೆಲುವಿನಿಂದ ಭಾರತ ಎ ವಿಭಾಗಕ್ಕೆ ಏರಿತು. ಎರಡೇ ಅಂಕದ ಅಂತರ! ಚೆನ್ನೈನ ಅನಿತಾ ಪಾಲ್‌ದುರೈ ಅವರೂ ಆ ತಂಡದಲ್ಲಿದ್ದರು. ಹತ್ತೊಂಬತ್ತನೆಯ ವಯಸ್ಸಿಗೇ ದೇಶದ ತಂಡಕ್ಕೆ ನಾಯಕಿಯಾಗಿದ್ದ ಅವರು ಒಂಬತ್ತು ಏಷ್ಯಾ ಚಾಂಪಿಯನ್‌ಶಿಪ್‌ಗಳಲ್ಲಿ ಆಡಿದವರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಎ ವಿಭಾಗದ ಫೈನಲ್ ಅದಕ್ಕಿಂತಲೂ ಬಿಗಿಯಾಗಿತ್ತು. ಜಪಾನ್ 74, ಆಸ್ಟ್ರೇಲಿಯಾ 73. ಒಂದು ಅಂಕದಿಂದ ಆಸ್ಟ್ರೇಲಿಯಾ ಸೋತಿತು. ಕಪ್ ಜಪಾನಿಗೆ ಹೋಯಿತು. ಆದರೆ ಕೂಟದ ಶ್ರೇಷ್ಠ ಆಟಗಾರ್ತಿಯ ಗೌರವ ಸೋತ ಆಸ್ಟ್ರೇಲಿಯಾದ ಕೆಲ್ಸಿ ಗ್ರಿಫಿನ್ ಅವರಿಗೆ ಹೋಯಿತು. ಅಮೆರಿಕದ ಅಲಾಸ್ಕಾದಲ್ಲಿ ಹುಟ್ಟಿ, ಮುಂದೆ ಆಸ್ಟ್ರೇಲಿಯಾದ ಪೌರತ್ವ ಪಡೆದು, ಆ ದೇಶಕ್ಕಾಗಿ ಆಡಿದ ಹೆಣ್ಣುಮಗಳು ಆಕೆ. ಅಲಾಸ್ಕಾದ ಹಿಮದಲ್ಲಿ ಬೆಳೆದವಳಿಗೆ ಕನ್ನಡದ ನೆಲದಲ್ಲಿ ಗೌರವ ಸಿಕ್ಕಿತು.

ಈ ಸುದ್ದಿ ಓದಿದ ದಿನ ನನಗೆ ನಮ್ಮ ಪಿ.ಟಿ. ಮಾಸ್ತರರ ನೆನಪಾಗದೆ ಇರಲಿಲ್ಲ. ಒಂದೇ ಅಂಕದ ಸೋಲು, ಸೋತ ತಂಡದ ಹುಡುಗಿ, ಅವಳಿಗೇ ಗೌರವ. ಕಂಠೀರವ ಕ್ರೀಡಾಂಗಣದಲ್ಲಿ ಕೊಟ್ಟದ್ದಕ್ಕೂ ನಮ್ಮ ಶಾಲೆಯ ಪ್ರಾರ್ಥನಾ ಸಾಲಿನ ಮುಂದೆ ಕೊಟ್ಟ ಸ್ಟೀಲ್ ಡಬ್ಬಿಗೂ ತತ್ವದಲ್ಲಿ ವ್ಯತ್ಯಾಸವೇನು? ಮಾಸ್ತರರು ಫಿಬಾದ ದಾಖಲೆ ಓದಿದವರಲ್ಲ. ನ್ಯಾಯ ಯಾವುದು ಎಂದು ಅವರಿಗೆ ಗೊತ್ತಿತ್ತು, ಅಷ್ಟೇ.

ಎರಡು ವರ್ಷಗಳ ಮೇಲೆ, 2019ರ ಸೆಪ್ಟೆಂಬರ್‌ನಲ್ಲಿ, ಅದೇ ಏಷ್ಯಾ ಕಪ್ ಮತ್ತೆ ಬೆಂಗಳೂರಿಗೆ ಬಂತು. ಈ ಬಾರಿ ಜಪಾನ್ ತಂಡ ಚೀನಾವನ್ನು 71–68ರಿಂದ ಸೋಲಿಸಿತು. ಶ್ರೇಷ್ಠ ಆಟಗಾರ್ತಿ ಗೆದ್ದ ತಂಡದವರೇ ಆದ ನಾಕೊ ಮೊತೊಹಾಶಿ. ಗ್ರಿಫಿನ್ ಆರು ಅಡಿಗೂ ಮೀರಿದ ಎತ್ತರದವರು. ಮೊತೊಹಾಶಿ ಐದೂವರೆ ಅಡಿಯ ಆಸುಪಾಸಿನವರು. ಬ್ಯಾಸ್ಕೆಟ್‌ಬಾಲ್ ಎತ್ತರದವರ ಆಟ ಎಂದು ನಮ್ಮ ಮಕ್ಕಳು ಹಿಂಜರಿಯುವಾಗ ಅವರಿಗೆ ಹೇಳಬೇಕಾದ ಹೆಸರು ಇದು. ಆ ಬಾರಿ ಎ ವಿಭಾಗದಲ್ಲಿ ಆಡಿದ ಭಾರತ ಎಂಟನೆಯ, ಅಂದರೆ ಕೊನೆಯ ಸ್ಥಾನದಲ್ಲಿ ಉಳಿಯಿತು. ಏರುವುದು ಕಷ್ಟ, ಏರಿದ ಮೇಲೆ ನಿಲ್ಲುವುದು ಇನ್ನೂ ಕಷ್ಟ.

ಈ ಎರಡೂ ಕೂಟಗಳು ನಡೆದಾಗ ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷರಾಗಿದ್ದವರು ಕರ್ನಾಟಕದವರೇ ಆದ ಕೆ. ಗೋವಿಂದರಾಜ್. 2023ರಲ್ಲಿ ಅವರು ಫಿಬಾ ಏಷ್ಯಾದ ಅಧ್ಯಕ್ಷರಾಗಿ ಆಯ್ಕೆಯಾದರು.

ನಮ್ಮ ದೇಶದ ಗೌರವಗಳು

ಭಾರತ ಸರ್ಕಾರ ಅರ್ಜುನ ಪ್ರಶಸ್ತಿಯನ್ನು ಆರಂಭಿಸಿದ್ದು 1961ರಲ್ಲಿ. ಮೊದಲ ವರ್ಷವೇ ಬ್ಯಾಸ್ಕೆಟ್‌ಬಾಲ್ ಆಟಗಾರ ಸರಬ್ಜಿತ್ ಸಿಂಗ್ ಅವರಿಗೆ ಅದು ಸಂದಿತು. 1967ರಲ್ಲಿ ಖುಷಿರಾಮ್, 1970ರಲ್ಲಿ ಮುಂಬೈಯ ನಾಗಪಾಡಾ ಬಡಾವಣೆಯ ಅಂಕಣದಲ್ಲಿ ಆಡಿ ಬೆಳೆದ ಗುಲಾಂ ಅಬ್ಬಾಸ್ ಮುಂತಸಿರ್ ಅದನ್ನು ಪಡೆದರು. ಕೇರಳದ ಗೀತು ಅನ್ನಾ ಜೋಸ್ 2014ರಲ್ಲಿ, ವಾರಾಣಸಿಯ ಪ್ರಶಾಂತಿ ಸಿಂಗ್ 2017ರಲ್ಲಿ ಪಡೆದರು. ಪ್ರಶಾಂತಿ ಅವರಿಗೆ 2019ರಲ್ಲಿ ಪದ್ಮಶ್ರೀಯೂ ಬಂತು. ಅವರ ಮನೆಯ ನಾಲ್ವರು ಅಕ್ಕತಂಗಿಯರು ಭಾರತಕ್ಕಾಗಿ ಆಡಿದವರು ಎಂಬುದು ಹೆಣ್ಣುಮಕ್ಕಳನ್ನು ಆಟಕ್ಕೆ ಕಳಿಸಲು ಹಿಂದೆ ಮುಂದೆ ನೋಡುವ ನಮ್ಮ ಪಾಲಕರು ನೆನಪಿಡಬೇಕಾದ ಸಂಗತಿ.

ನಮ್ಮ ಕರ್ನಾಟಕ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಯ ಹೆಸರು ಏಕಲವ್ಯ. ಆ ಹೆಸರನ್ನು ಸ್ವಲ್ಪ ಯೋಚಿಸಿ ನೋಡಿ. ಕೇಂದ್ರದ ಪ್ರಶಸ್ತಿ ಗೆದ್ದ ಅರ್ಜುನನ ಹೆಸರಿನಲ್ಲಿದೆ. ನಮ್ಮ ರಾಜ್ಯದ ಪ್ರಶಸ್ತಿ ಗುರುವಿಲ್ಲದೆ ಕಾಡಿನಲ್ಲಿ ಕಲಿತವನ ಹೆಸರಿನಲ್ಲಿದೆ. ಕಲಿತದ್ದಕ್ಕೆ ಬಹುಮಾನದ ಬದಲು ಹೆಬ್ಬೆರಳು ಕಳೆದುಕೊಂಡವನ ಹೆಸರಿನಲ್ಲಿದೆ. ಅವನಿಗೆ ಅವನ ಕಾಲದಲ್ಲಿ ಸಿಗದ ಗೌರವವನ್ನು ಈಗ ಅವನ ಹೆಸರಿನಲ್ಲಿ ಬೇರೆಯವರಿಗೆ ಕೊಡುತ್ತಿದ್ದೇವೆ. ಫರ್ಲಾಂಗ್ ಅವರ ಕಥೆಯೂ ಇದೇ ಜಾತಿಯದು. ತಡವಾದರೂ ಗೌರವ ಸಲ್ಲಬೇಕು, ಆದರೆ ತಡ ಮಾಡದೆ ಸಲ್ಲಿಸಿದರೆ ಇನ್ನೂ ಒಳ್ಳೆಯದು.

ನಮ್ಮ ಶಾಲೆಯ ಫಲಕ

ಈಗ ನಮ್ಮ ಮೈದಾನಕ್ಕೆ ಮರಳುತ್ತೇನೆ. ಆ ಖೋ ಖೋ ಪಂದ್ಯದ ಬಗ್ಗೆ ನಾವು ಸಹಪಾಠಿಗಳು ಎಲ್ಲಿಯೂ ಬರೆದಿಡಲಿಲ್ಲ. 'ಬಾಲಕಿಯರ ಖೋ ಖೋ: ದ್ವಿತೀಯ ಸ್ಥಾನ' ಎಂಬ ಮೂರು ನಾಲ್ಕು ಶಬ್ದಗಳಲ್ಲಿ ಅದು ಮುಗಿದುಹೋಯಿತು. ಅದರಲ್ಲಿ ಆಕೆಯ ಹೆಸರಿಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಆಕೆಯ ಮದುವೆಯಾಯಿತು, ಆಟ ಅಲ್ಲಿಗೆ ನಿಂತಿತು. ಕೆಲವು ವರ್ಷಗಳ ಹಿಂದೆ ಮಿರಜ್ ರೈಲು ನಿಲ್ದಾಣದಲ್ಲಿ ಆಕಸ್ಮಿಕವಾಗಿ ಭೇಟಿಯಾದಳು. ಮಗಳ ಜೊತೆ ಹೊರಟಿದ್ದಳು. ಮಾತಿನ ನಡುವೆ ನಾನು ಆ ಪಂದ್ಯವನ್ನು ನೆನಪಿಸಿದೆ. ಆಕೆ ನಕ್ಕು ಮಗಳ ಕಡೆ ತಿರುಗಿ, "ನೋಡವಾ, ನಮ್ಮನ್ಯಾಗ ಸಕ್ಕರಿ ಹಾಕಿ ಇಡ್ತೀನಲ್ಲ, ಆ ಡಬ್ಬಿ ಇವ್ರ ಮುಂದನ ಕೊಟ್ಟಿದ್ರು" ಅಂದಳು. ಮಗಳಿಗೆ ನಂಬಿಕೆ ಬರಲಿಲ್ಲ. "ನೀ ಆಟ ಆಡ್ತಿದ್ದೇನವಾ?" ಎಂದು ಕೇಳಿತು ಆ ಹುಡುಗಿ.

ಆ ಪ್ರಶ್ನೆ ನನಗೆ ಚುಚ್ಚಿತು. ತಾಯಿ ತನ್ನ ಶಾಲೆಯ ಅತ್ಯುತ್ತಮ ಆಟಗಾರ್ತಿಯಾಗಿದ್ದಳು ಎಂಬುದು ಮಗಳಿಗೇ ಗೊತ್ತಿರಲಿಲ್ಲ. ಪನಾಮಾದ ಫ್ರೇಜರ್ ಒಂಬತ್ತನೆಯ ಸ್ಥಾನದ ತಂಡದಲ್ಲಿದ್ದರೂ ನಲವತ್ತು ವರ್ಷದ ಮೇಲೆ, ಕಾಗವಾಡದಲ್ಲಿ ಕುಳಿತ ನನಗೆ ಅವರ ಹೆಸರು ಗೊತ್ತಾಗುತ್ತದೆ. ಯಾಕೆಂದರೆ ಯಾರೋ ಬರೆದಿಟ್ಟರು. ನಮ್ಮದೇ ಮೈದಾನದಲ್ಲಿ ಓಡಿದವಳ ಹೆಸರು ಅವಳ ಮಗಳಿಗೆ ಗೊತ್ತಿಲ್ಲ. ಯಾಕೆಂದರೆ ನಾವು ಬರೆದಿಡಲಿಲ್ಲ.

ಆದ್ದರಿಂದ ಸುವರ್ಣ ಮಹೋತ್ಸವದ ನೆನಪಿಗೆ ನನ್ನದೊಂದು ಕೋರಿಕೆ. ಶಾಲೆಯ ಮೈದಾನದ ಕಡೆಗೆ ಮುಖ ಮಾಡಿದ ಗೋಡೆಯ ಮೇಲೆ ಒಂದು ಫಲಕ ಬರೆಸೋಣ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಬಂದವರ ಹೆಸರನ್ನು ಬರೆಯುವಂತೆ, ಪ್ರತಿ ವರ್ಷದ ಶ್ರೇಷ್ಠ ಆಟಗಾರ ಮತ್ತು ಶ್ರೇಷ್ಠ ಆಟಗಾರ್ತಿಯ ಹೆಸರನ್ನೂ ಬರೆಯೋಣ. ಗೆದ್ದ ವರ್ಷ ಮಾತ್ರವಲ್ಲ, ಸೋತ ವರ್ಷವೂ ಬರೆಯೋಣ. ಆಯ್ಕೆಯನ್ನು ಒಬ್ಬರೇ ಮಾಡುವುದು ಬೇಡ. ಆಟದ ಶಿಕ್ಷಕರು, ಇನ್ನೊಬ್ಬ ಶಿಕ್ಷಕರು, ಎದುರಾಳಿ ಶಾಲೆಯ ಒಬ್ಬ ಶಿಕ್ಷಕರು ಕೂಡಿ ಮಾಡಲಿ. ಎದುರಾಳಿ ಒಪ್ಪಿದ ಶ್ರೇಷ್ಠತೆಗೆ ತೂಕ ಹೆಚ್ಚು.

ಹಿಂದಿನ ಐವತ್ತು ವರ್ಷಗಳ ಹೆಸರುಗಳನ್ನು ಕೂಡಿಹಾಕುವ ಕೆಲಸ ನಮ್ಮದು, ಅಂದರೆ ಹಳೆಯ ವಿದ್ಯಾರ್ಥಿಗಳದ್ದು. ನಿಮ್ಮ ತಂಡದ ಶ್ರೇಷ್ಠ ಆಟಗಾರ ಯಾರು, ಆಟಗಾರ್ತಿ ಯಾರು ಎಂದು ಪ್ರತಿ ತಂಡದವರೂ ಕುಳಿತು ನೆನಪಿಸಿಕೊಳ್ಳಿ. ಸೊಸೆಯಾಗಿ ಬೇರೆ ಊರಿಗೆ ಹೋದ ಅಕ್ಕತಂಗಿಯರನ್ನು ಮರೆಯಬೇಡಿ. ಅವರ ಹೆಸರುಗಳೇ ಮೊದಲು ಅಳಿಸಿಹೋಗುವ ಹೆಸರುಗಳು. ಹೆಸರುಗಳನ್ನು ಬರೆದು ಶಾಲೆಗೆ ತಲುಪಿಸಿ.

ನನ್ನ ಸಹಪಾಠಿಯ ಹೆಸರನ್ನು ಆಕೆಯನ್ನು ಕೇಳದೆ ಇಲ್ಲಿ ಬರೆಯುವುದು ಸರಿಯಲ್ಲ ಎಂದು ಬಿಟ್ಟಿದ್ದೇನೆ. ಫಲಕ ಸಿದ್ಧವಾದ ದಿನ ಆಕೆಯನ್ನು ಕೇಳಿ, ಒಪ್ಪಿಸಿ, ಮಗಳೊಂದಿಗೆ ಶಾಲೆಗೆ ಕರೆತರುವ ಜವಾಬ್ದಾರಿ ನನ್ನದು.

ಇಂದು ಆ ಮೈದಾನದಲ್ಲಿ ಆಡುತ್ತಿರುವ ಮಕ್ಕಳಿಗೆ ಶುಭವಾಗಲಿ. ಗೆದ್ದರೆ ಸಂತೋಷ. ಸೋತರೂ ಚೆನ್ನಾಗಿ ಆಡಿದವರ ಹೆಸರು ಈ ಶಾಲೆಯ ಗೋಡೆಯ ಮೇಲೆ ಇರುತ್ತದೆ ಎಂಬ ಭರವಸೆಯನ್ನು ಅವರಿಗೆ ನಾವೆಲ್ಲ ಸೇರಿ ಕೊಡೋಣ.